ನೋಡದ ಗೂಬೆಗೆ ಹಾಕಿದ ಗುರುತು

ಅಧ್ಯಕ್ಷರಾದ ದೇವೇಂದ್ರ ಅವರೇ, ಶಿಕಾಗೋದಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದ ಅತಿಥಿಗಳೇ, ಬಿಸಿಬೇಳೆಬಾತಿನ ವಾಸನೆ ಬಂದರೂ ಕುರ್ಚಿ ಬಿಟ್ಟೇಳದ ಸಭಿಕರೇ,

ಇನ್ನು ಹತ್ತು ನಿಮಿಷದಲ್ಲಿ ನೀವು ನೋಡಲಿರುವುದು ಒಬ್ಬ ಪಕ್ಷಿವೀಕ್ಷಕನ ಕುರಿತ ಕಿರುಚಿತ್ರ. ನಿರ್ದೇಶಕಿ ಮಂಜರಿ, ನನ್ನ ಮಗಳು. ಚಿತ್ರದಲ್ಲಿ ಹಕ್ಕಿಗಳ ತಪ್ಪು ಹುಡುಕುವ ಕೆಲಸ ನನ್ನದು. ಅದಕ್ಕೇ ಈ ಶಾಲು. ಸ್ಟರ್ಲಿಂಗ್ ಹೈಟ್ಸಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾರಿನ ಬ್ರೇಕುಗಳ ತಪ್ಪು ಹುಡುಕಿದೆ, ಒಬ್ಬರೂ ಶಾಲು ಹೊದಿಸಲಿಲ್ಲ.

ತಪ್ಪುಗಳು ಒಂದೇ ಎರಡೇ? ಮಿಶಿಗನ್ನಿನ ಹಿಮದಲ್ಲಿ ಕೋಗಿಲೆ ಕೂಗಿಸಿದ್ದರು. ಸಂಗೀತ ಕೊಟ್ಟ ಓಕ್ ಬ್ರೂಕಿನ ಅನುಜ್‌ನನ್ನು ಕೇಳಿದರೆ, "ಕೋಗಿಲೆ ಇಲ್ದೆ ಕನ್ನಡ ಫಿಲ್ಮ್ ಹೇಗೆ ಅಂಕಲ್?" ಅಂದ. ಬೋಳುತಲೆಯ ಹದ್ದಿಗೆ ಗಿಡುಗನ ಗಂಭೀರ ಕೂಗು ಅಂಟಿಸಿದ್ದರು. ಆ ಹದ್ದಿನ ನಿಜವಾದ ದನಿ ನಮ್ಮ ಕನ್ನಡ ಬಳಗದ ಮೈಕಿನಷ್ಟೇ ಕೀಚಲು. ಎಲ್ಲ ತಿದ್ದಿಸಿದೆ. ನಲವತ್ತೊಂದು ತಪ್ಪು ಬರೆದು ಕಳಿಸಿದೆ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂದು ಮಾತ್ರ ಬರೆಯಲಿಲ್ಲ, ನೋಡಿ.

ನಲವತ್ತು ತಪ್ಪನ್ನು ಅವಳು ಒಪ್ಪಿದಳು. ಜಗಳವಾದದ್ದು ಕೊನೆಯದಕ್ಕೆ. ಚಿತ್ರದಲ್ಲಿ ಅಪ್ಪ ತಾನು ಕಾಣದ ಹಕ್ಕಿಯನ್ನು ಕಂಡೆ ಎಂದು ಮಗಳಿಗೆ ಹೇಳಿ, ತಾನು ಕಂಡ ಹಕ್ಕಿಗಳ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ನಾನು ಬರೆದೆ: ನಿಜವಾದ ಪಕ್ಷಿವೀಕ್ಷಕ ಹೀಗೆ ಮಾಡುವುದಿಲ್ಲ, ದೃಶ್ಯ ತೆಗೆ. ಮಂಜರಿ ಫೋನ್ ಮಾಡಿ, "ಅಪ್ಪಾ, ಸ್ಟೇಜ್ ಮೇಲೆ ಹೇಳಿ, ಇಟ್ ನೆವರ್ ಹ್ಯಾಪನ್ಡ್ ಅಂತ. ಐ ವಿಲ್ ಕಟ್ ಇಟ್" ಅಂದಳು. ಆಮೇಲೆ ಎರಡು ತಿಂಗಳು ಮಾತಿಲ್ಲ. ಈಗ ಹಿಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಾಳೆ. ದೃಶ್ಯ ಇರುವ ಪ್ರತಿ, ಇಲ್ಲದ ಪ್ರತಿ, ಎರಡೂ ಅದರಲ್ಲಿವೆ.

ಕಾಣದ ಹಕ್ಕಿಗೆ ಗುರುತು ಹಾಕಬಾರದು. ನಮ್ಮ ಪಕ್ಷಿವೀಕ್ಷಕರ ಗುಂಪಿನಲ್ಲಿ ಅದಕ್ಕಿಂತ ದೊಡ್ಡ ನಿಯಮವಿಲ್ಲ. ಇಲ್ಲಿ ಮೂರನೇ ಸಾಲಿನಲ್ಲಿರುವ ಕಲ್ಮೇಶ್ ಒಮ್ಮೆ ಹಾಗೆ ಹಾಕಿದ್ದಕ್ಕೆ ಆರು ತಿಂಗಳು ಅವರನ್ನು ನನ್ನ ಕಾರಿಗೆ ಹತ್ತಿಸಿರಲಿಲ್ಲ. "ಒಂದ ಹಕ್ಕಿ ಸಲುವಾಗಿ ಇಷ್ಟ್ಯಾಕ ಸಿಟ್ಟು ಮಾಡ್ತೀರಿ ಉಪೇಂದ್ರ ಅವರ?" ಎಂದು ಪಾಪ, ಕೇಳಿದ್ದರು.

ಕಲ್ಮೇಶ್, ಕ್ಷಮಿಸಬೇಕು. ಆಗ ಮಂಜರಿಗೆ ಒಂಬತ್ತು ವರ್ಷ. ಫ್ರೀವೇಯಲ್ಲಿ ಹೋಗುವಾಗ ಹಿಂದಿನ ಸೀಟಿನಿಂದ, ಕಂಬದ ಮೇಲೆ ಹಿಮಗೂಬೆ ಎಂದು ಕೂಗಿದಳು. ಎಪ್ಪತ್ತು ಮೈಲಿ ವೇಗದಲ್ಲಿ ಕತ್ತು ತಿರುಗಿಸುವುದುಂಟೇ? ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಹಿಂದಿರುಗುವಷ್ಟರಲ್ಲಿ ಕಂಬ ಖಾಲಿ. ಅದು ಗೂಬೆಯೋ, ಕಂಬಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಕವರೋ, ಇವತ್ತಿಗೂ ನನಗೆ ಗೊತ್ತಿಲ್ಲ. "ಅಪ್ಪಾ, ಡಿಡ್ ಯು ಸೀ ಇಟ್?" ಎಂದಳು. ನೋಡಿದೆ ಕಂದಾ, ಎಂದೆ. ಮನೆಗೆ ಬಂದು ಅವಳೆದುರೇ ಗುರುತು ಹಾಕಿದೆ. ನಾನು ಸುಳ್ಳು ಹೇಳಿದ್ದು ಅವಳಿಗೆ ಆಗಲೇ ಗೊತ್ತಿತ್ತೆಂದು ಈ ಚಿತ್ರ ನೋಡಿದ ಮೇಲೆ ತಿಳಿಯಿತು. ನಾಚಿಕೆಯಾಯಿತು. ಅದಕ್ಕೇ ತೆಗೆ ಎಂದೆ.

ಮಂಜರಿ, ಆ ದೃಶ್ಯದಲ್ಲಿ ತಪ್ಪಿಲ್ಲ. ಗೂಬೆ ನೋಡಿದವಳು ನೀನು. ನಾನು ನೋಡಿದ್ದು ಕಾರಿನ ಕನ್ನಡಿಯಲ್ಲಿ ನಿನ್ನ ಮುಖ ಅಷ್ಟೆ. ಇಲ್ಲ ಎನ್ನುವುದಕ್ಕೆ ಬಾಯಿ ಬರಲಿಲ್ಲ. ಚಿತ್ರ ತುಂಬಾ ಚೆನ್ನಾಗಿದೆ ಮಗಳೇ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ. ಪೂರ್ತಿ ಚಿತ್ರವನ್ನೇ ಹಾಕಮ್ಮ. ನಮಸ್ಕಾರ.