ನೀರುಹಲ್ಲಿಗಳ ಐಸು

ಸೋಮವಾರಪೇಟೆಯಲ್ಲಿ ಮೈಸೂರಿನ ಮೋಟಾರು ಬಸ್ಸಿಗೆ ಕಾಯುತ್ತಿದ್ದೆ. ಏಪ್ರಿಲ್ ಅರ್ಧ ಕಳೆದರೂ ಒಂದು ಹನಿ ಬಿದ್ದಿರಲಿಲ್ಲ. ಪಕ್ಕದ ನೆರಳಲ್ಲಿ ಬೇರೆ ಬೇರೆ ಎಸ್ಟೇಟಿನ ಇಬ್ಬರು ಹೆಂಗಸರು ಕೂತಿದ್ದರು.

"ಯಾರು ಬರ್ತಾರೆ ಮುತ್ತಿ?"

"ಯಾರೂ ಇಲ್ಲ ಸೋಮಿ. ಐಸು ಬರುತ್ತೆ. ನಮ್ಮ ದೊರೆಸಾನಿ ಸೀಮೆಯಿಂದ ತಂದು ಸಾಕಿರೋ ನೀರುಹಲ್ಲಿಗಳಿಗೆ."

"ಹಲ್ಲಿಗೆ ಐಸಾ?"

"ಸೆಕೆಯಾದ್ರೆ ಸಾಯ್ತವೆ. ದಿನವಿಡೀ ಗಾಜಿನ ತೊಟ್ಟಿಗೆ ಒದ್ದೆ ಗೋಣಿ ಸುತ್ತೋದೇ ನನ್ನ ಕೆಲಸ. ಹಿಡಿಯೋ ಮೊದ್ಲು ನಮ್ಮ ಕೈನೂ ಐಸಿನ ನೀರಲ್ಲಿ ಅದ್ದಿಟ್ಕೋಬೇಕು. ಕೈಬಿಸಿನೂ ಅವು ತಡೆಯಲ್ಲ."

"ಅಯ್ಯ, ನಾಜೂಕು! ನಿನ್ನ ಮಗಳು ಈಗ ಓಡಾಡ್ತಾಳಾ?"

"ಓಡಾಡ್ತಿದ್ಲು. ಹೋದ ವಾರ ತೀರ್ಕೊಂಡ್ಲು."

"ಅಯ್ಯೋ ಶಿವನೇ! ಏನಾಗಿತ್ತೇ?"

"ಜ್ವರ. ದಿನಾ ಸಂಜೆ ಬಂಗಲೆಯಿಂದ ಲೈನ್ ಮನೆಗೆ ಬಂದು ಹಣೆ ಮುಟ್ತಿದ್ದೆ. ಸುಡ್ತಿತ್ತು. ನನ್ನ ಕೈ ತಣ್ಣಗಿದೆಯಲ್ಲ, ಅದಕ್ಕೇ ಹಾಗನ್ಸುತ್ತೆ ಅಂದ್ಕೊಂಡೆ."

ಏನಾದರೂ ಕೇಳಬೇಕಲ್ಲ ಎಂಬಂತೆ ಸೋಮಿ, "ಹಲ್ಲಿಗಳು?" ಎಂದಳು.

"ಚೆನ್ನಾಗಿವೆ."

ಮೋಟಾರು ಬಂತು. ಮರದ ಹೊಟ್ಟು ತುಂಬಿದ್ದ ಐಸಿನ ಪೆಟ್ಟಿಗೆಯೊಂದನ್ನು ಮೇಲಿನಿಂದ ಇಳಿಸಿದರು. ಅದರ ಸಂದುಗಳಿಂದ ನೀರು ಸೋರುತ್ತಿತ್ತು. ಸೋಮಿ ಎದ್ದು ಮುತ್ತಿಯ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಬಿಡೇ," ಎಂದಳು ಮುತ್ತಿ. "ಕೈ ಬಿಸಿಯಾಗುತ್ತೆ."

ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು, ಕರಗುವ ಮೊದಲು ಬಂಗಲೆಗೆ ಮುಟ್ಟಿಸಬೇಕೆಂದು, ಅವಳು ಬೇಗ ಬೇಗ ನಡೆದಳು.