ಕಡತದಲ್ಲಿಲ್ಲದ ಪ್ರಶ್ನೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಪ್ರಾಂಶುಪಾಲರೇ, ಇವತ್ತು ನಿವೃತ್ತರಾಗುತ್ತಿರುವ ಮೇಡಂ ಅವರೇ, ಅಧ್ಯಾಪಕರೇ, ವಿದ್ಯಾರ್ಥಿಗಳೇ, ಮತ್ತು ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಸಭಿಕರೇ,

ನನಗೆ ಭಾಷಣ ಬರುವುದಿಲ್ಲ. ನಾನು ವೆಲ್ಡಿಂಗ್ ಮಾಡುವವನು. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಹೊಡೆದರು, ನಾನು ಸ್ಲೇಟು ಎಸೆದು ಮನೆಗೆ ಬಂದೆ. ಆಮೇಲೆ ಶಾಲೆ ಕಾಲೇಜು ಅಂತ ಹೊಸ್ತಿಲು ತುಳಿದದ್ದು ಕಿಟಕಿಗೆ ಗ್ರಿಲ್ ಕೂರಿಸುವುದಕ್ಕೆ. ಈ ಹಾಲ್‌ನ ಕಿಟಕಿಗಳೂ ನನ್ನವೇ. ಬಣ್ಣ ಹೊಡೆದವನು ಮಾತ್ರ ನಾನಲ್ಲ, ಅದಕ್ಕೆ ನನ್ನನ್ನು ಬೈಯಬೇಡಿ.

ಈಗ ತಾನೇ ಅಧ್ಯಕ್ಷರು ಮೇಡಂ ಅವರನ್ನು ಹೊಗಳಿದರು. ಹೊಗಳುತ್ತಾ ಹೊಗಳುತ್ತಾ ಒಂದು ಮಾತು ಸೇರಿಸಿದರು: ಅವರ ಪಾಠದ ರೀತಿ ಸ್ವಲ್ಪ ವಿಚಿತ್ರ, ಇನ್ನು ಮುಂದೆ ಆ ವಿಷಯವನ್ನು ಎಲ್ಲರಂತೆ ನೋಟ್ಸ್ ಕೊಟ್ಟು ಕಲಿಸುವ ವ್ಯವಸ್ಥೆ ಆಗುತ್ತದೆ ಅಂತ. ಅಧ್ಯಕ್ಷರೇ, ನಾನು ಬರೆದುಕೊಂಡು ಬಂದದ್ದು ಬೇರೆ. ನಿಮ್ಮ ಮಾತು ಕೇಳಿ ಆ ಚೀಟಿಯನ್ನು ಜೇಬಿಗೆ ಹಾಕಿಕೊಂಡೆ.

ಮೇಡಂ ಕಲಿಸುತ್ತಿದ್ದ ವಿಷಯ ಅಪರಾಧ ಮತ್ತು ನ್ಯಾಯ. ಪೊಲೀಸು, ಕೋರ್ಟು, ಜೈಲು. ಅದರಲ್ಲಿ ನನಗೇನು ಕೆಲಸ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸತ್ತದ್ದು ಒಂದು ಬ್ರೆಡ್ ವ್ಯಾನಿಗೆ ಸಿಕ್ಕಿ. ಬೆಳಿಗ್ಗೆ ರಸ್ತೆ ದಾಟುತ್ತಿದ್ದಳು. ವ್ಯಾನಿನ ಹುಡುಗ ವೇಗವಾಗಿ ಬಂದಿದ್ದ. ನಾನು ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಕೇಸಾಯಿತು, ಶಿಕ್ಷೆಯಾಯಿತು, ಅವನು ಜೈಲಿಗೆ ಹೋಗಿ ಹೊರಗೂ ಬಂದ. ಎಲ್ಲರೂ ನನಗೆ ಹೇಳಿದರು, ನ್ಯಾಯ ಸಿಕ್ಕಿತಲ್ಲ ಬಿಡಿ ಅಂತ. ಸಿಕ್ಕಿತು. ಇಲ್ಲ ಎಂದು ಯಾರು ಹೇಳಿದರು?

ಆ ಕೇಸಿನ ಕಡತವನ್ನು ಮೇಡಂ ತಮ್ಮ ಕ್ಲಾಸಿನಲ್ಲಿ ಓದಿಸುತ್ತಿದ್ದರಂತೆ. ಒಂದು ದಿನ ನನ್ನ ಅಂಗಡಿಗೇ ಬಂದರು. ನಮ್ಮ ಹುಡುಗರು ನಿಮ್ಮನ್ನು ಕೆಲವು ಪ್ರಶ್ನೆ ಕೇಳಬೇಕಂತೆ, ಬರುತ್ತೀರಾ ಎಂದರು. ನಾನೇನು ನಿಮ್ಮ ಮಕ್ಕಳಿಗೆ ತೋರಿಸುವ ಕೋತಿಯೇ ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಕಿಡಿ ಹಾರದ ಕಡೆ ಒಂದು ಡಬ್ಬಿಯ ಮೇಲೆ ಕೂತು, ಅಲ್ಲಿದ್ದ ಗೇಟು ನೋಡುತ್ತಾ, ಇದು ಯಾರ ಮನೆಗೆ, ಇದಕ್ಕೆ ಚಿಲಕ ಒಳಗಾ ಹೊರಗಾ ಎಂದೆಲ್ಲ ವಿಚಾರಿಸಿದರು. ಹೋಗುವಾಗ ಇಷ್ಟೇ ಹೇಳಿದರು: "ನಿಮಗೆ ನಿಮ್ಮ ಮೇಲೇ ಸಿಟ್ಟು ಬಂದರೆ ಎದ್ದು ಹೋಗಬಹುದು. ನಮ್ಮ ಕ್ಲಾಸಿನಲ್ಲಿ ಯಾರೂ ತಡೆಯಲ್ಲ."

ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ ಎಂದು ಈ ಹೆಂಗಸಿಗೆ ಹೇಗೆ ಗೊತ್ತಾಯಿತು? ಅದೊಂದಕ್ಕೇ ಹೋದೆ.

ಹೋಗಿ ನೋಡಿದರೆ ಮೇಡಂ ಕೊನೆಯ ಬೆಂಚಿನಲ್ಲಿ ಕೂತಿದ್ದಾರೆ. ಬಾಯಿ ಬಿಡುವಂತಿಲ್ಲ. ಪ್ರಶ್ನೆ ಎಲ್ಲ ಹುಡುಗರದ್ದೇ. ಅವರಿಗೆ ಒಂದೇ ನಿಯಮ: ಕಡತದಲ್ಲಿ ಉತ್ತರ ಇರುವ ಪ್ರಶ್ನೆಯನ್ನು ಕೇಳಬಾರದು. ಯಾರಾದರೂ ಅಂಥದ್ದನ್ನು ಕೇಳಿದರೆ ಮೇಡಂ ಬೆಂಚಿನಲ್ಲಿ ಸ್ವಲ್ಪ ಅಲುಗಾಡುವರು. ಆ ಬೆಂಚಿನ ಕಾಲು ಸಡಿಲ, ಕಿರ್ ಅನ್ನುತ್ತಿತ್ತು. ಹುಡುಗರು ಪ್ರಶ್ನೆ ನುಂಗಿಕೊಂಡು ಬೇರೆ ಯೋಚಿಸುವರು. ವ್ಯಾನ್ ಎಷ್ಟು ವೇಗದಲ್ಲಿತ್ತು? ಕಿರ್. ಬೆಳಕಿತ್ತಾ? ಕಿರ್. ನನಗೆ ನಗು ಬಂತು. ಕೋರ್ಟಿನಲ್ಲಿ ಇಂಥ ಬೆಂಚು ಇದ್ದಿದ್ದರೆ ವಕೀಲರು ಮೂಕರಾಗಿ ಮನೆಗೆ ಹೋಗುತ್ತಿದ್ದರು.

ಆಗ ಸಣಕಲು ಹುಡುಗಿಯೊಬ್ಬಳು ಎದ್ದಳು. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. "ತಾತ, ಕೋರ್ಟಲ್ಲಿ ಎಲ್ಲರೂ ನಿಮ್ಮನ್ನೇ ಕೇಳಿದ್ರು. ನಿಮಗೆ ಏನಾದ್ರೂ ಕೇಳೋದಿತ್ತಾ?"

ಬೆಂಚು ಸದ್ದು ಮಾಡಲಿಲ್ಲ.

ನನಗೆ ಎಲ್ಲಿತ್ತೋ ಸಿಟ್ಟು. ತಲೆಹರಟೆ ಎಂದು ಬೈದು ಎದ್ದೆ. ಮೇಡಂ ಹೇಳಿದ್ದು ನಿಜ, ಯಾರೂ ತಡೆಯಲಿಲ್ಲ. ತಡೆದಿದ್ದರೆ ಹೋಗಿಬಿಡುತ್ತಿದ್ದೆ. ಬಾಗಿಲ ಹತ್ತಿರ ಕಾಲು ನಿಂತಿತು. ಗೋಡೆಗೆ ಮುಖ ಮಾಡಿಕೊಂಡೇ ಕೇಳಿದೆ: "ಅವಳು ಏನಾದ್ರೂ ಹೇಳಿದಳಾ?"

ಸಭಿಕರೇ, ಇಷ್ಟೇ ನನಗೆ ಬೇಕಾಗಿದ್ದದ್ದು. ಅವಳು ರಸ್ತೆಯಲ್ಲಿ ಬಿದ್ದಿದ್ದಾಗ ಜನ ಸೇರುವ ತನಕ ಪಕ್ಕದಲ್ಲಿದ್ದವನು ಆ ವ್ಯಾನಿನ ಹುಡುಗನೊಬ್ಬನೇ. ಕೋರ್ಟಿನಲ್ಲಿ ಅವನು ನನ್ನ ಎದುರಿಗೇ ನಿಂತಿರುತ್ತಿದ್ದ. ಒಂದು ಸಲ ಕೇಳಲು ಬಾಯಿ ತೆರೆದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದರು ವಕೀಲರು. ತಪ್ಪೇನಿಲ್ಲ, ಅವರ ಕೆಲಸ ಅದು. ಆದರೆ ನನ್ನ ಪ್ರಶ್ನೆ ಎಲ್ಲಿಗೆ ಹೋಗಬೇಕಿತ್ತು?

ಅದನ್ನು ಆ ಹುಡುಗರು ಎತ್ತಿಕೊಂಡರು. ಅವನನ್ನು ಹುಡುಕಿದರು. ಅವನು ಮೊದಲು ಒಲ್ಲೆ ಎಂದ, ಆ ಅಮ್ಮನ ಯಜಮಾನರು ಹೊಡೆದುಬಿಡುತ್ತಾರೆ ಎಂದನಂತೆ. ಬಲವಂತ ಮಾಡಲಿಲ್ಲ. ಬರಬೇಕೆನಿಸಿದ ದಿನ ಹೇಳು ಎಂದು ಬಿಟ್ಟರು. ಕೊನೆಗೆ ತಾನಾಗಿಯೇ ಹೇಳಿ ಕಳಿಸಿದ. ಅವನು ಬಂದ ದಿನ ಹುಡುಗರು ಕುರ್ಚಿಗಳನ್ನು ಎದುರುಬದುರು ಹಾಕಿರಲಿಲ್ಲ. ಇಬ್ಬರೂ ಕಿಟಕಿ ನೋಡುವ ಹಾಗೆ ಅಕ್ಕಪಕ್ಕ ಹಾಕಿದ್ದರು. ಎದುರುಬದುರು ನಿಲ್ಲಿಸಿದ್ದು ಕೋರ್ಟಲ್ಲಿ ಸಾಕಾಗಿದೆ ಎಂದು ಗುಬ್ಬಿಯ ಲೆಕ್ಕ. ಈ ಬುದ್ಧಿ ಯಾವ ನೋಟ್ಸಿನಲ್ಲಿ ಬರುತ್ತದೆ, ಅಧ್ಯಕ್ಷರೇ?

ನಾನು ಗ್ರಿಲ್ ನೋಡುತ್ತಾ ಕೂತೆ. ಅವನೂ ಗ್ರಿಲ್ ನೋಡುತ್ತಾ ಹೇಳಿದ.

"ಮೊದಲು ನನ್ನನ್ನ ಬೈದ್ರು. ಕಣ್ಣು ಎಲ್ಲಿಟ್ಟಿದ್ದೆ ಅಂದ್ರು. ಆಮೇಲೆ, ಹೋಗಪ್ಪಾ ಇಲ್ಲಿಂದ, ನಮ್ಮ ಮನೆಯವರು ಬಂದುಬಿಡ್ತಾರೆ ಅಂದ್ರು. ಸಿಟ್ಟು ಬಂದ್ರೆ ಹಿಂದೆ ಮುಂದೆ ನೋಡಲ್ಲ, ಹೊಡೀತಾರೆ. ಆಮೇಲೆ ಒಬ್ಬರೇ ಕೂತು ಅಳ್ತಾರೆ, ಅದು ನನಗೆ ನೋಡೋಕಾಗಲ್ಲ ಅಂದ್ರು."

ನಾನು ನಕ್ಕುಬಿಟ್ಟೆ. ಅವಳೇ. ಸಂಶಯವೇ ಇಲ್ಲ. ನಾನು ಕೂತು ಅಳುವ ವಿಷಯ ಅವಳಿಗೊಬ್ಬಳಿಗೇ ಗೊತ್ತಿತ್ತು. ಈಗ ಇಡೀ ಹಾಲ್‌ಗೆ ಗೊತ್ತಾಯಿತು, ಆಗಲಿ.

ಕಡತದಲ್ಲಿ, ಜನ ಅವನನ್ನು ಓಡದಂತೆ ಹಿಡಿದು ಪೊಲೀಸರಿಗೆ ಒಪ್ಪಿಸಿದರು ಎಂದಿದೆ. ನಾನೂ ಹಾಗೇ ನಂಬಿಕೊಂಡಿದ್ದೆ. ಅವತ್ತು ಕೇಳಿದೆ: "ಅವಳೇ ಹೋಗು ಅಂದಳಲ್ಲ. ಯಾಕೋ ಹೋಗಲಿಲ್ಲ?"

"ಹೇಗೆ ಹೋಗಲಿ ಅಣ್ಣಾ? ಹೋಗು ಹೋಗು ಅಂತಾನೇ ನನ್ನ ಕೈ ಹಿಡ್ಕೊಂಡಿದ್ರು. ಬಿಡಲೇ ಇಲ್ಲ."

ಕ್ಲಾಸಿನಲ್ಲಿ ಯಾರೂ ಏನೂ ಬರೆದುಕೊಳ್ಳಲಿಲ್ಲ. ನಾನು ತಿರುಗಿ ಅವನ ಕೈ ನೋಡಿದೆ. ಯಾವ ಕೈ ಎಂದು ಕೇಳಿದೆ. ಬಲಗೈ ಮುಂದೆ ಮಾಡಿದ. ಹಿಡಿದುಕೊಂಡೆ. ಅಷ್ಟೇ.

ನಾವಿಬ್ಬರೂ ಸ್ನೇಹಿತರಾಗಿಲ್ಲ, ಸಿನಿಮಾ ಅಂದುಕೊಳ್ಳಬೇಡಿ. ಅವನು ಮಾಡಿದ್ದು ತಪ್ಪೇ, ಅನುಭವಿಸಿದ್ದು ಸರಿಯೇ. ದಾರಿಯಲ್ಲಿ ಸಿಕ್ಕರೆ ತಲೆಯಾಡಿಸುತ್ತೇವೆ. ಆದರೆ ಅವಳು ಒಬ್ಬಳೇ ಸಾಯಲಿಲ್ಲ ಎಂಬುದು ನನಗೆ ತಿಳಿಯಿತು. ಆ ದಿನದಿಂದ ನನಗೆ ನಿದ್ದೆ ಬರುತ್ತದೆ.

ಮೇಡಂ ಪಾಠ ಮಾಡುವುದೇ ಇಲ್ಲ, ಸುಮ್ಮನೆ ಕೂತಿರುತ್ತಾರೆ ಎಂದು ಕೆಲವು ತಂದೆತಾಯಿಗಳು ದೂರು ಕೊಟ್ಟಿದ್ದಾರಂತೆ. ಹೌದ್ರೀ, ಸುಮ್ಮನೆ ಕೂತಿದ್ದರು. ಹಾಗೆ ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ನನ್ನಂಥ ಬಾಯಿಬಡುಕನನ್ನು ಕೇಳಿ. ಅವರ ಕೈಯಲ್ಲಿ ಕಲಿತವರು ನಾಳೆ ಪೊಲೀಸರಾಗುತ್ತಾರೆ, ವಕೀಲರಾಗುತ್ತಾರೆ, ಜೈಲು ನೋಡಿಕೊಳ್ಳುತ್ತಾರೆ. ನನ್ನಂಥವನು ಅವರ ಮುಂದೆ ನಿಂತಾಗ, ಕಾಗದದಲ್ಲಿ ಇಲ್ಲದ್ದು ಒಂದು ಇರಬಹುದಲ್ಲ ಎಂದು ಅವರಿಗೆ ಹೊಳೆದರೆ ಸಾಕು.

ಅಧ್ಯಕ್ಷರೇ, ನೋಟ್ಸ್ ಕೊಡಿಸುವುದು ಬಿಡುವುದು ನಿಮ್ಮ ಇಷ್ಟ. ನನ್ನದೊಂದು ಬೇಡಿಕೆ. ಆ ಕೋಣೆಗೆ ಹೊಸ ಸಾಮಾನು ತರಿಸುತ್ತೀರೆಂದು ಕೇಳಿದ್ದೇನೆ. ಕೊನೆಯ ಬೆಂಚನ್ನು ಮಾತ್ರ ಗುಜರಿಗೆ ಹಾಕಬೇಡಿ. ಮುಂದೆ ಬರುವ ಮೇಷ್ಟ್ರು ಅಲ್ಲೇ ಕೂರಲಿ. ಅದರ ಕಾಲು ಅಲುಗಾಡುತ್ತದೆ, ಮುರಿದು ಬೀಳದ ಹಾಗೆ ನಾಳೆ ನಾನೇ ಬಂದು ಒಂದು ಕಬ್ಬಿಣದ ಪಟ್ಟಿ ಕೂರಿಸುತ್ತೇನೆ. ಕಿರ್ ಅನ್ನುವುದನ್ನು ಹಾಗೇ ಬಿಟ್ಟಿರುತ್ತೇನೆ.

ಮೇಡಂ, ನಿಮಗೆ ಒಳ್ಳೆಯದಾಗಲಿ. ಇಷ್ಟು ಹೊತ್ತು ಈ ಒರಟನ ಮಾತು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಆ ಆಕಳಿಸುತ್ತಿದ್ದವರು ಈಗ ಎದ್ದು ಹೋಗಬಹುದು, ಯಾರೂ ತಡೆಯುವುದಿಲ್ಲ. ನಮಸ್ಕಾರ.