ಸೋಮವಾರ ಚಾಲೂ ಮಾಡದ ಗಾಡಿ

ನಾನು ಸೂಗಪ್ಪ ತಂದೆ ಚನ್ನಬಸಪ್ಪ, ವಯಸ್ಸು 61 ವರ್ಷ, ಉದ್ಯೋಗ ಒಕ್ಕಲುತನ, ಸಾಕಿನ್ ಹಳ್ಳದ ಬಸಾಪುರ, ತಾಲೂಕು ಸುರಪುರ, ಜಿಲ್ಲೆ ಯಾದಗಿರಿ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಯಿಸುವುದೇನೆಂದರೆ, ನಿನ್ನೆ ದಿನಾಂಕ 04-02-2025ರಂದು ಹಾವು ಕಚ್ಚಿ ತೀರಿಕೊಂಡ ಬಸವೇಶ್ವರಿ, 54 ವರ್ಷ, ನನ್ನ ಹೆಂಡತಿ. ಆಕೆಯ ತಮ್ಮ ವಿಶ್ವಾರಾಧ್ಯ ನಮ್ಮ ಕಾರಿನ ಚಾಲಕ ಆಸೀಫ್ ತಂದೆ ಲಾಡ್ಲೇಸಾಬ, 38 ವರ್ಷ, ಇವನ ಮೇಲೆ ದೂರು ಕೊಟ್ಟಿದ್ದಾನೆ. ಗಾಡಿಯನ್ನು ಸರಿಯಾಗಿ ನೋಡಿಕೊಳ್ಳದೆ, ದಾರಿಯಲ್ಲಿ ನಿಲ್ಲಿಸಿ ತಡಮಾಡಿ ಸಾವಿಗೆ ಕಾರಣನಾದನೆಂದು ಅದರಲ್ಲಿದೆ. ಅದು ಸುಳ್ಳು. ತಪ್ಪು ನನ್ನದು.

ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎಂಟು ವರ್ಷದ ಹಿಂದೆ ಎತ್ತು ಮಾರಿ ಹಳೆಯ ಡೀಸೆಲ್ ಕಾರು ತಂದ ಮೇಲೆ ಆ ವಾರವನ್ನು ನಾನು ಕಾರಿಗೂ ಹಚ್ಚಿದೆ. ಸೋಮವಾರ ಅದನ್ನು ತೊಳೆಯುತ್ತೇನೆ, ವಿಭೂತಿ ಹಚ್ಚುತ್ತೇನೆ, ರಿಪೇರಿ ಇದ್ದರೆ ಮಾಡುತ್ತೇನೆ. ಚಾಲೂ ಮಾಡುವುದಿಲ್ಲ. ಇದು ಕೇಸಿಗೆ ಬೇಡವೆಂದು ಬರೆದುಕೊಳ್ಳುವ ಸಾಹೇಬರು ಹೇಳಿದರು. ಬೇಕೆಂದು ನಾನು ಹೇಳಿ ಬರೆಯಿಸಿದ್ದೇನೆ.

ದಿನಾಂಕ 03-02-2025ರ ಸೋಮವಾರ ಮಧ್ಯಾಹ್ನ 3 ಗಂಟೆಗೆ ಮನೆಯ ಅಂಗಳದಲ್ಲಿ ನಾನೇ ಕಾರಿನ ಡೀಸೆಲ್ ಫಿಲ್ಟರ್ ಬದಲಿಸಿದೆ. ಈ ಕೆಲಸಕ್ಕೆ ಇದುವರೆಗೆ ಯಾವ ಮೇಸ್ತ್ರಿಯನ್ನೂ ಕರೆದವನಲ್ಲ. ಹಳೆಯದನ್ನು ತಿರುಗಿಸಿ ಬಿಚ್ಚಿದೆ, ಹೊಸದಕ್ಕೆ ಡೀಸೆಲ್ ತುಂಬಿ ಕೂಡಿಸಿದೆ, ಕೈಪಂಪು ಒತ್ತಿ ಗಾಳಿ ತೆಗೆದೆ. ಫಿಲ್ಟರಿನ ಬಾಯಿಗೆ ಕರಿ ರಬ್ಬರಿನ ರಿಂಗು ಇರುತ್ತದೆ. ಹಳೆಯ ಫಿಲ್ಟರ್ ಕೈಗೆ ಬಂದಾಗ ಅದರ ಬಾಯಿಗೆ ರಿಂಗು ಇರಲಿಲ್ಲ. ಎಲ್ಲಿ ಹೋಯಿತೆಂದು ನಾನು ಹುಡುಕಲಿಲ್ಲ. ಅದು ಮೇಲೆ ಫಿಲ್ಟರ್ ಕೂಡುವ ಜಾಗದಲ್ಲಿಯೇ ಅಂಟಿಕೊಂಡು ಉಳಿದಿತ್ತು. ನನ್ನ ಎಡಗಣ್ಣಿಗೆ ಪೊರೆ ಬಂದಿದೆ, ಅದಕ್ಕೇ ಗಾಡಿ ನಡೆಸುವುದನ್ನೂ ಬಿಟ್ಟಿದ್ದೇನೆ. ಆದರೂ ಬೆರಳು ಆಡಿಸಿ ನೋಡಬಹುದಿತ್ತು, ನೋಡಲಿಲ್ಲ. ಹಳೆಯ ರಿಂಗಿನ ಮೇಲೆ ಹೊಸ ರಿಂಗು ಕೂತಿತು. ಹಾಗೆ ಕೂತರೆ ಬಿಗಿಯಾಗುವುದಿಲ್ಲ, ಗಾಡಿ ಓಡುವಾಗ ಅಲ್ಲಿಂದ ಗಾಳಿ ಎಳೆದುಕೊಂಡು, ಡೀಸೆಲ್ ಸಿಗದೆ ನಿಲ್ಲುತ್ತದೆ.

ಸಂಜೆ 5.30ಕ್ಕೆ ಆಸೀಫ್ ಬಂದನು. ಇವನ ಮನೆ ನಮ್ಮ ಮನೆಯಿಂದ ಮೂರನೆಯದು. ಇವನು ಅಂದ ಮಾತನ್ನು ಅಂದಂತೆಯೇ ಬರೆಯಿಸುತ್ತೇನೆ: "ಕಾಕಾ, ಒಂದ್ ಹತ್ತ ಮಿನಿಟ ಚಾಲೂ ಇಟ್ಟು ನೋಡೂಣ್ರಿ. ಎಲ್ಯಾರ ಸೋರಾಕತ್ತಿದ್ರ ಈಗ ಗೊತ್ತಾಗ್ತದ." ಸೋಮವಾರ ಆಗುವುದಿಲ್ಲವೆಂದು ನಾನು ಹೇಳಿದೆ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಬಸವೇಶ್ವರಿ ನಕ್ಕು, "ಗಾಡಿಗೇನ್ ಕೊಳ್ಳ ಅದ ಏನ್ರಿ, ನೊಗ ಇಡಾಕ? ಚಾಲೂ ಮಾಡ್ಲಿ ಬಿಡ್ರಿ" ಅಂದಳು. ಆಸೀಫನೂ ನಕ್ಕನು. ನನಗೆ ಸಿಟ್ಟು ಬಂತು. ನನ್ನ ಮನೆಯ ವಾರ ನನಗೆ ಕಲಿಸಬೇಡಿರೆಂದು ಇಬ್ಬರಿಗೂ ಗದರಿಸಿದೆ. ಕೀಲಿಯನ್ನು ಒಳಗೆ ಒಯ್ದು ದೇವರ ಜಗುಲಿಯ ಮೇಲೆ ಇಟ್ಟೆ.

ಮರುದಿನ ಮಂಗಳವಾರ ಬೆಳಿಗ್ಗೆ 6.35ಕ್ಕೆ ಬಸವೇಶ್ವರಿ ಒಲೆಗೆಂದು ಹಿತ್ತಲಿನ ಹತ್ತಿಕಟ್ಟಿಗೆ ಎಳೆಯುವಾಗ ನಾಗರಹಾವು ಬಲಗೈಗೆ ಕಚ್ಚಿತು. ಹಾವನ್ನು ನಾನೂ ನೋಡಿದೆ. ಮನೆಯ ಮುಂದೆ ಗಾಡಿ ಇದೆಯೆಂಬ ಧೈರ್ಯದಲ್ಲಿ 108ಕ್ಕೆ ಫೋನು ಮಾಡಲಿಲ್ಲ. ಆಸೀಫ್ ಬರಿಗಾಲಲ್ಲಿ ಓಡಿ ಬಂದನು. 6.45ಕ್ಕೆ ಹೊರಟೆವು. ಶಹಾಪುರ 19 ಕಿ.ಮೀ. ಇದೆ.

9 ಕಿ.ಮೀ. ಹೋದ ಮೇಲೆ ಕಾಲುವೆಯ ಸೇತುವೆ ದಾಟಿ ಗಾಡಿ ಎರಡು ಸಲ ಜಗ್ಗಿ ನಿಂತಿತು. ಆಗ ಸಮಯ 7 ಗಂಟೆ. ಆಸೀಫ್ ಬಾನೆಟ್ ಎತ್ತಿ ಪಂಪು ಒತ್ತಿದನು. ಚಾಲೂ ಆಯಿತು, ಮತ್ತೆ ನಿಂತಿತು. 108ಕ್ಕೆ ಫೋನು ಮಾಡಿದವನೂ ಅವನೇ. ಅವರು ಬರುವುದಕ್ಕೆ 40 ನಿಮಿಷ ಬೇಕೆಂದರು. ಒಬ್ಬ ಬೈಕಿನವನನ್ನು ನಿಲ್ಲಿಸಿದನು, ಆದರೆ ಬಸವೇಶ್ವರಿಗೆ ಕೂಡಲು ಆಗಲಿಲ್ಲ. ಬೇರೆ ಗಾಡಿ ಬರಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಆಸೀಫನನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ಅವಳ ರೆಪ್ಪೆಗಳು ಇಳಿಬಿದ್ದಿದ್ದವು, ನಾಲಿಗೆ ತೊದಲುತ್ತಿತ್ತು. "ಅವನ್ನ ಬೈಬ್ಯಾಡ್ರಿ, ಅವ ಹೇಳಿದ್ದ" ಅಂದಳು. ಅದಾದ ಮೇಲೆ ಅವಳ ಮಾತು ನನಗೆ ತಿಳಿಯಲಿಲ್ಲ.

ಆಸೀಫ್ ಫಿಲ್ಟರನ್ನು ಪೂರ್ತಿ ಬಿಚ್ಚಿ, ಮೇಲೆ ಅಂಟಿದ್ದ ಹಳೆಯ ರಿಂಗನ್ನು ಸ್ಕ್ರೂಡ್ರೈವರಿನಿಂದ ಕಿತ್ತನು. ಕಿಟಕಿಯಿಂದ ಅದನ್ನು ನನ್ನ ಅಂಗೈಯಲ್ಲಿ ಇಟ್ಟನು. 7.34ಕ್ಕೆ ಗಾಡಿ ಚಾಲೂ ಆಗಿ, ನಿಲ್ಲದೆ 7.48ಕ್ಕೆ ಆಸ್ಪತ್ರೆ ಮುಟ್ಟಿತು. 8.05ಕ್ಕೆ ಬಸವೇಶ್ವರಿ ತೀರಿಕೊಂಡಳು. ಅರ್ಧ ತಾಸು ಮೊದಲು ತಂದಿದ್ದರೆ ಉಳಿಸಲು ನೋಡಬಹುದಿತ್ತೆಂದು ಡಾಕ್ಟರು ಹೇಳಿದರು. ನಾವು ದಾರಿಯಲ್ಲಿ ನಿಂತದ್ದು 34 ನಿಮಿಷ.

9.30ಕ್ಕೆ ವಿಶ್ವಾರಾಧ್ಯ ಆಸ್ಪತ್ರೆಗೆ ಬಂದು, ಗಾಡಿ ಯಾಕೆ ನಿಲ್ಲಿಸಿದೆ ಎಂದು ಆಸೀಫನ ಕೆನ್ನೆಗೆ ಎರಡು ಸಲ ಹೊಡೆದನು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ರಿಂಗು ನನ್ನ ಅಂಗಿಯ ಜೇಬಿನಲ್ಲಿತ್ತು. ನಾನು ಬಾಯಿ ಬಿಡಲಿಲ್ಲ. ಸಂಜೆ 4 ಗಂಟೆಗೆ ಆಸೀಫನನ್ನು ವಿಚಾರಣೆಗೆ ಕರೆದಾಗಲೂ ಬಿಡಲಿಲ್ಲ. ಹೆಂಡತಿಯನ್ನು ನನ್ನ ಹಟದಿಂದಲೇ ಕಳೆದುಕೊಂಡೆನೆಂದು ಊರ ಮುಂದೆ ಹೇಳಲು ನನಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು.

ಇಂದು ಬುಧವಾರ ಬೆಳಿಗ್ಗೆ 11 ಗಂಟೆಗೆ ನಮ್ಮ ಹೊಲದಲ್ಲಿ ಅವಳಿಗೆ ಮಣ್ಣು ಕೊಟ್ಟೆವು. ನಾನು ಮೂರು ಹಿಡಿ ಮಣ್ಣು ಹಾಕಿ, ಸ್ನಾನ ಮಾಡಿ, ಮನೆಯೊಳಗೆ ಕೂಡದೆ ಮಧ್ಯಾಹ್ನ 2.30ಕ್ಕೆ ಇಲ್ಲಿಗೆ ಬಂದೆ. ಠಾಣೆಯ ಬೆಂಚಿನ ಮೇಲೆ ಆಸೀಫ್ ಕೂತಿದ್ದನು. ಸಾಹೇಬರು ಕೇಳಿದಾಗ ಸೋಮವಾರದ ಮಾತು ಯಾಕೆ ಹೇಳಲಿಲ್ಲವೆಂದು ಕೇಳಿದೆ. ಅವನು ಎದ್ದು ನಿಂತು, "ಅದು ನಿಮ್ಮ ದೇವರ ವಾರ್ರಿ ಕಾಕಾ. ಅದರ ಮ್ಯಾಲ ತಪ್ಪ ಹೊರಿಸಾಕ ನನಗ ಬಾಯಿ ಬರಲಿಲ್ರಿ. ಮಣ್ಣ ಆತ್ರೀ ಕಾಕಿದು?" ಅಂದನು. ಆಯಿತೆಂದು ಹೇಳಿದೆ.

ದೇವರ ವಾರದ ತಪ್ಪು ಇದರಲ್ಲಿ ಏನೂ ಇಲ್ಲ. ಹತ್ತು ನಿಮಿಷ ಗಾಡಿ ಚಾಲೂ ಮಾಡಿದ್ದರೆ ಬಸವಣ್ಣ ನನ್ನ ಮೇಲೆ ಸಿಟ್ಟಾಗುತ್ತಿರಲಿಲ್ಲ. ಹಳೆಯ ರಿಂಗನ್ನು ಸಾಹೇಬರ ಮುಂದೆ ಹಾಜರುಪಡಿಸಿದ್ದೇನೆ. ಆಸೀಫನನ್ನು ಮನೆಗೆ ಕಳಿಸಿ, ಯಾವ ಕಾನೂನು ಕ್ರಮ ಇದ್ದರೂ ನನ್ನ ಮೇಲೆ ಜರುಗಿಸಬೇಕು. ಅವನನ್ನು ಬೈಯಬೇಡಿರೆಂದು ನನ್ನ ಹೆಂಡತಿ ಹೇಳಿದ್ದಳು. ಆ ಮಾತನ್ನು ಒಂದೂವರೆ ದಿನ ತಡವಾಗಿ ನಡೆಸುತ್ತಿದ್ದೇನೆ.

ಬರೆದುಕೊಂಡದ್ದನ್ನು ನನ್ನೆದುರು ಓದಿದರು, ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವೇ ಇದೆ.

ಸ್ಥಳ: ಕೆಂಭಾವಿ
ದಿನಾಂಕ: 05-02-2025, ಸಮಯ ಮಧ್ಯಾಹ್ನ 3.40
(ಸಹಿ) ಸೂಗಪ್ಪ